ಹರಾಜು ಕೂಗುವವನ ಮಗಳು

ಜೂನ್ 12

ಅಕ್ಕಾ,

ಎರಡು ತಿಂಗಳಿಂದ ಕಾಗದ ಹಾಕಲಿಲ್ಲ ಅಂತ ನೀನು ಮುಖ ಊದಿಸಿಕೊಂಡಿರುವುದು ಇಲ್ಲಿಂದಲೇ ಕಾಣುತ್ತಿದೆ. ಊದಿಸಿಕೊಂಡೇ ಓದು. ಕೆಲಸದ ಮಾತಿದೆ.

ನಮ್ಮ ಕಾಳು ಉಗ್ಗುತ್ತಿದ್ದಾಳೆ. ಹೋದ ವರ್ಷ ಅಲ್ಲೊಂದು ಇಲ್ಲೊಂದು ಮಾತು ಸಿಕ್ಕಿಕೊಳ್ಳುತ್ತಿತ್ತು. ಹಲ್ಲು ಬಿದ್ದಿದೆ, ಅದಕ್ಕೇ ಇರಬೇಕು ಅಂದುಕೊಂಡೆವು. ಹಲ್ಲು ಬಂತು, ಉಗ್ಗು ಹೋಗಲಿಲ್ಲ. ಈಗ ಮೂರನೇ ತರಗತಿ. ಹಾಜರಿ ಕರೆದರೆ ಬಾಯಿ ತೆರೆಯುವುದಿಲ್ಲ, ಕೈ ಎತ್ತುತ್ತಾಳಂತೆ. ಮೊನ್ನೆ ಅವಳ ಟೀಚರ್ ನನ್ನವಳನ್ನು ಕರೆಸಿ ಹೇಳಿದರು: "ನೋಡಿ, ಕ್ಲಾಸಲ್ಲಿ ನಲವತ್ಮೂರು ಮಕ್ಕಳಿದಾರೆ. ಒಂದೊಂದು ಉತ್ತರಕ್ಕೂ ಇವಳಿಗಾಗಿ ಕಾಯೋಕೆ ಆಗಲ್ಲ. ಓದೋದು, ಕಂಠಪಾಠ ಎಲ್ಲಾ ಬಾಯಲ್ಲೇ ಪರೀಕ್ಷೆ. ಊರಾಚೆ ಒಂದು ವಿಶೇಷ ಶಾಲೆ ಇದೆ, ಅಲ್ಲಿಗೆ ಹಾಕೋದು ಒಳ್ಳೇದೇನೋ. ಅಕ್ಟೋಬರ್ ಮೀಟಿಂಗಲ್ಲಿ ತೀರ್ಮಾನ ಆಗತ್ತೆ."

ಸರ್ಕಾರಿ ಶಾಲೆ ನೋಡು, ಮಾತಿನ ಚಿಕಿತ್ಸೆ ಮಾಡುವವರು ವರ್ಷಕ್ಕೆ ಎರಡು ಸಲ ಬರುತ್ತಾರೆ. ಪಟ್ಟಿಯಲ್ಲಿ ಕಾಳು ನಲವತ್ತೊಂದನೆಯವಳು. ಅವಳ ಸರದಿ ಬರುವ ಹೊತ್ತಿಗೆ ಅವಳ ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ.

ಬುದ್ಧಿಗೇನು ಕೊರತೆ ಅವಳಿಗೆ? ಕೋಸಿನ ಮೂಟೆ ನೋಡಿ ತೂಕ ಹೇಳುತ್ತಾಳೆ. ಹೆಚ್ಚೆಂದರೆ ಅರ್ಧ ಕಿಲೋ ಆಚೀಚೆ. ಅಂಥವಳನ್ನು ಊರಾಚೆ ಕಳಿಸಲು ನಾನು ಬಿಡುವುದಿಲ್ಲ. ಖಾಸಗಿಯಾಗಿ ಒಬ್ಬರನ್ನು ಗೊತ್ತು ಮಾಡಿ, ಅಕ್ಟೋಬರ್ ಒಳಗೆ ಸರಿ ಮಾಡಿಸಿ, ಮೀಟಿಂಗಿನಲ್ಲಿ ಅವಳ ಕೈಯಲ್ಲೇ ಪದ್ಯ ಹೇಳಿಸುತ್ತೇನೆ. ಇದು ನನ್ನ ತೀರ್ಮಾನ. ಇಪ್ಪತ್ತು ವರ್ಷದಿಂದ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೀಯ, ಇಲ್ಲಿ ಯಾರಾದರೂ ಒಳ್ಳೆಯವರಿದ್ದರೆ ಹೆಸರು, ವಿಳಾಸ ಬರೆ.

ಉತ್ತರ ಮನೆಗೆ ಬೇಡ, ಮಾರುಕಟ್ಟೆಯ ವಿಳಾಸಕ್ಕೆ ಹಾಕು. ಯಾಕೆ ಅಂತ ನಿನಗೆ ಗೊತ್ತು.

ನಿನ್ನ ತಮ್ಮ

ಜೂನ್ 20

ತಮ್ಮಾ,

ಯಾಕೆ ಅಂತ ಗೊತ್ತು. ಆದರೂ ಬರೆದೇ ಬಿಡುತ್ತೇನೆ, ಯಾರಾದರೊಬ್ಬರು ಬರೆಯಬೇಕಲ್ಲ. ನಿನಗೂ ಉಗ್ಗಿತ್ತು. ಏಳು ವರ್ಷಕ್ಕೆ ಶುರುವಾಗಿ ಹದಿನೇಳರವರೆಗೆ ಎದ್ದು ಕಾಣುತ್ತಿತ್ತು. ಆಮೇಲೆ ನೀನು ಮಾರುಕಟ್ಟೆ ಸೇರಿ ಹರಾಜು ಕೂಗಲು ಕಲಿತೆ. ಊರೆಲ್ಲ "ಇವನ ಬಾಯಿಗೆ ಬೀಗ ಇಲ್ಲ" ಅನ್ನುವ ಹಾಗಾಯಿತು. ಹರಾಜಿನ ಆಚೆ ನೀನು ಎಷ್ಟು ಮಾತಾಡುತ್ತೀಯ ಅಂತ ಲೆಕ್ಕ ಇಟ್ಟವಳು ನಾನೊಬ್ಬಳೇ. ಎಲ್ಲರೂ ಫೋನಿನಲ್ಲಿ ಮುಗಿಸುವ ಮಾತಿಗೆ ನೀನು ನಾಲ್ಕು ಪುಟ ಕಾಗದ ಬರೆಯುವುದು ಅಕ್ಷರದ ಮೇಲಿನ ಪ್ರೀತಿಗಲ್ಲ ಕಣೋ.

ಸರಿ, ಈಗ ಕೆಲಸದ ಮಾತು. ನನ್ನ ಜೊತೆ ಹನ್ನೆರಡು ವರ್ಷ ಕೆಲಸ ಮಾಡಿದ ಸ್ಪೀಚ್ ಥೆರಪಿಸ್ಟ್ ಒಬ್ಬರು ನಿಮ್ಮ ಊರಲ್ಲೇ ಇದ್ದಾರೆ. ನಿವೃತ್ತಿ ಆದಮೇಲೆ ಕನ್ನಡಕದ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ ಇಟ್ಟುಕೊಂಡು ಮಕ್ಕಳನ್ನು ನೋಡುತ್ತಾರೆ. ಮಾತು ಕಡಿಮೆ, ಕಿವಿ ಚುರುಕು. ವಿಳಾಸ ಹಿಂದಿನ ಪುಟದಲ್ಲಿದೆ. ನಾನೂ ಅವರಿಗೆ ಒಂದು ಪರಿಚಯದ ಕಾಗದ ಹಾಕಿದ್ದೇನೆ.

ಒಂದು ಮಾತು. "ಅಕ್ಟೋಬರ್ ಒಳಗೆ ಸರಿ ಮಾಡಿಸಿ" ಅಂತ ಬರೆದಿದ್ದೀಯ. ಅವಳು ಕೆಟ್ಟು ನಿಂತ ತಕ್ಕಡಿಯಲ್ಲ. ಅವರ ಮುಂದೆ ಹಾಗೆ ಹೇಳಬೇಡ, ಬಾಗಿಲು ತೋರಿಸುತ್ತಾರೆ.

ಮುಖ ಊದಿಸಿಕೊಂಡಿರಲಿಲ್ಲ. ಎರಡು ತಿಂಗಳಲ್ಲ, ಮೂರು ತಿಂಗಳು.

ಅಕ್ಕ

ಜುಲೈ 3

ಅಕ್ಕಾ,

ಹೋಗಿ ಬಂದೆವು. ಕಾಳು ಅವರಿಗೆ ಆಗಲೇ 'ಮಾತಿನ ಮೇಡಂ' ಅಂತ ಹೆಸರಿಟ್ಟಿದ್ದಾಳೆ. ಕೆಳಗೆ ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜುವ ಸದ್ದು, ಮೇಲೆ ಕೋಣೆಯಲ್ಲಿ ಮೂರು ಗಿಡ್ಡ ಕುರ್ಚಿ, ಒಂದು ಎತ್ತರದ ಕುರ್ಚಿ. ಎತ್ತರದ್ದರಲ್ಲಿ ಕಾಳುವನ್ನು ಕೂರಿಸಿದರು, ನನ್ನನ್ನು ಗಿಡ್ಡದರಲ್ಲಿ. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಮುಕ್ಕಾಲು ಗಂಟೆ ಮೇಡಂ, ಕಾಳು ಇಬ್ಬರೂ ಮರದ ತುಂಡು ಜೋಡಿಸುತ್ತ ಏನೇನೋ ಹರಟಿದರು. ಇದಕ್ಕೇನು ಚಿಕಿತ್ಸೆ ಅಂತಾರಾ ಅಂತ ನನಗೆ ಅನ್ನಿಸಿದ್ದು ನಿಜ. ಆದರೆ ಮೆಟ್ಟಿಲು ಇಳಿಯುವಾಗ ಕಾಳು ತಾನಾಗಿ ಕೇಳಿದಳು, "ಅಪ್ಪಾ, ಮ... ಮತ್ತೆ ಯಾವಾಗ?" ಹಾಗಾಗಿ ಸುಮ್ಮನಾದೆ.

ಮನೆಯವರೆಲ್ಲ ನಿಧಾನವಾಗಿ ಮಾತಾಡಬೇಕಂತೆ. ದಿನಕ್ಕೆ ಐದು ನಿಮಿಷ ಪ್ರಶ್ನೆಯೇ ಕೇಳದೆ ಅವಳ ಜೊತೆ ಕೂರಬೇಕಂತೆ. ನನ್ನವಳು ಪರದೆ ಹೊಲಿಯುವ ಕಾರ್ಖಾನೆಯಲ್ಲಿ ಇಡೀ ದಿನ ಮಿಷನ್ ಸದ್ದಿನ ಮೇಲೆ ಕೂಗಿ ಮಾತಾಡುವವಳು. ಮನೆಗೆ ಬಂದು ಮೆಲ್ಲಗೆ ಮಾತಾಡಲು ಹೋಗಿ ನಿದ್ದೆ ಬಂದವಳ ಹಾಗೆ ಕಾಣುತ್ತಾಳೆ. ನಗಬೇಡ.

ಶಾಲೆಯ ಹೆಡ್‌ಮೇಡಂ ಒಪ್ಪಿದ್ದಾರೆ. ಮಂಗಳವಾರ, ಶುಕ್ರವಾರ ಒಂದು ಗಂಟೆ ಮೊದಲೇ ಕಾಳುವನ್ನು ಕಳಿಸಿಕೊಡುತ್ತಾರೆ. ಅರ್ಜಿ ಬರೆದದ್ದು ನಾನು, ಹೋಗಿ ಮಾತಾಡಿದ್ದು ನನ್ನವಳು.

ಈಗ ಮುಖ್ಯ ವಿಷಯ. ಅಲ್ಲೊಂದು ಫಾರಂ ಕೊಟ್ಟರು. 'ಮನೆತನದಲ್ಲಿ ಯಾರಿಗಾದರೂ ಉಗ್ಗು ಇತ್ತೇ ಅಥವಾ ಇದೆಯೇ?' ನನ್ನವಳು ಪಕ್ಕದಲ್ಲೇ ಕೂತಿದ್ದಳು. 'ಯಾರಿಗೂ ಇಲ್ಲ' ಅಂತ ಬರೆದೆ. ಮೇಡಂ ಅದನ್ನು ಓದಿದರು, ನನ್ನನ್ನು ನೋಡಿದರು, ಮಡಚಿಟ್ಟರು. ಅವರೇನಾದರೂ ನಿನ್ನನ್ನು ಕೇಳಿದರೆ ನೀನೂ ಅದನ್ನೇ ಹೇಳಬೇಕು. ಕಾಳುವಿಗೆ ತನ್ನಪ್ಪ ಅಂದರೆ ಮಾರುಕಟ್ಟೆಯ ಅತಿ ದೊಡ್ಡ ಬಾಯಿ. ಶಾಲೆಯಲ್ಲಿ ಅವಳಿಗಿರುವ ಹೆಮ್ಮೆ ಅದೊಂದೇ. ಅದನ್ನೂ ಕಿತ್ತುಕೊಂಡರೆ ಅವಳಿಗೇನು ಉಳಿಯುತ್ತೆ?

ನಿನ್ನ ತಮ್ಮ

ಜುಲೈ 11

ತಮ್ಮಾ,

ಈ ವಾರ ನನ್ನ ವಾರ್ಡಿನಲ್ಲಿ ಇಬ್ಬರು ರಜೆ, ಹಾಗಾಗಿ ನಾಲ್ಕು ಸಾಲು.

ಇನ್ನು ಮುಂದೆ ಯಾರು ಬಂದು ಕೇಳಿದರೂ ನಿನ್ನ ವಿಷಯ ನಾನು ಎತ್ತುವುದಿಲ್ಲ. ಸುಳ್ಳು ಬರೆದುಕೊಡು ಅಂದರೆ ಅದೂ ಆಗುವುದಿಲ್ಲ. ಇಷ್ಟಕ್ಕೆ ತೃಪ್ತಿಪಟ್ಟುಕೋ.

ಫಾರಂ ಕೇಳುವುದು ತಪ್ಪು ಹುಡುಕಲಿಕ್ಕಲ್ಲ ಕಣೋ. ಎಷ್ಟೋ ಮನೆಗಳಲ್ಲಿ ಇದು ಬಣ್ಣದ ಹಾಗೆ, ಮೂಗಿನ ಹಾಗೆ ಬರುತ್ತದೆ. ಯಾರೂ ಕೊಟ್ಟದ್ದಲ್ಲ, ಯಾರೂ ಮಾಡಿದ್ದಲ್ಲ. ನೀನು ಮಾತ್ರ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೀಯ.

ಕಾಳುವಿಗೆ ಅತ್ತೆಯ ಮುತ್ತು. ನಿನ್ನ ಹೆಂಡತಿಗೆ ಹೇಳು, ನಿಧಾನ ಅಂದರೆ ನಿದ್ದೆಯಲ್ಲ, ಮಾತು ಮಾತಿನ ನಡುವೆ ಒಂದು ಉಸಿರು ಅಷ್ಟೇ.

ಅಕ್ಕ

ಜುಲೈ 30

ಅಕ್ಕಾ,

ನಿನ್ನ ತಮ್ಮನಿಗೆ ಒಂದು ಡಾಕ್ಟರ್ ಪದವಿ ಕೊಡಿಸು. ಕಾಳು ಮಾತಾಡುತ್ತಿದ್ದಾಳೆ!

ಹೋದ ವಾರ ಶಾಲೆಗೆ ನಾಲ್ಕು ದಿನ ರಜೆ ಇತ್ತು. ಮನೆಯಲ್ಲಿ ಯಾರೂ ಇಲ್ಲ ಅಂತ ಅವಳನ್ನು ಮಾರುಕಟ್ಟೆಗೆ ಕರೆದುಕೊಂಡು ಹೋದೆ. ಟೊಮೆಟೊ ಕ್ರೇಟುಗಳ ಮೇಲೆ ಕೂತು ನಾನು ಕೂಗುವುದನ್ನು ನೋಡುತ್ತಿದ್ದಳು. ಎರಡನೇ ದಿನ ಹರಾಜು ಮುಗಿದು ಎಲ್ಲರೂ ಕೈ ತೊಳೆಯುತ್ತಿದ್ದಾಗ ಹಿಂದಿನಿಂದ ಒಂದು ಸಣ್ಣ ಧ್ವನಿ: "ಹತ್ತು ಹತ್ತು ಹತ್ತು ಯಾರು ಹತ್ತು, ಹತ್ತೂವರೆ ಇವರು, ಹತ್ತೂವರೆ ಹತ್ತೂವರೆ ಹನ್ನೊಂದು ಯಾರು!" ನನ್ನದೇ ರಾಗ, ನನ್ನದೇ ತಾಳ, ಕೊನೆಯಲ್ಲಿ ಕ್ರೇಟಿಗೆ ಬಡಿಯುವ ಪೆಟ್ಟೂ ನನ್ನದೇ. ಒಂದು ಕಡೆಯೂ ಸಿಕ್ಕಿಕೊಳ್ಳಲಿಲ್ಲ ಅಕ್ಕಾ. ಹೊರೆ ಹೊರುವವರು, ತೂಕದವರು, ಈರುಳ್ಳಿ ಮುದುಕ ಎಲ್ಲರೂ ಚಪ್ಪಾಳೆ ಹೊಡೆದರು. ನನಗೆ ಕಣ್ಣಲ್ಲಿ ನೀರು ಬಂತು. ಈರುಳ್ಳಿ ಅಂದೆ.

ನನ್ನನ್ನು ದಡ ಸೇರಿಸಿದ ದೋಣಿಯಲ್ಲಿ ಅವಳನ್ನೂ ಕೂರಿಸಿದರಾಯಿತು, ಅಲ್ಲವಾ? ಉಳಿದೆರಡು ದಿನ ಅದನ್ನೇ ಕಲಿಸಿದೆ. ಹಾಜರಿಯನ್ನು ಆ ತಾಳದಲ್ಲಿ ಹೇಳುವುದು, ಮಗ್ಗಿ ಹೇಳುವುದು, ಪದ್ಯ ಹೇಳುವುದು. ಶಾಲೆ ತೆರೆದ ದಿನ ಟೀಚರ್ ಏಳೆಂಟಲಿ ಎಷ್ಟು ಅಂತ ಕೇಳಿದರಂತೆ. ಇವಳು ಎದ್ದು ನಿಂತು, "ಐವತ್ತಾರು ಐವತ್ತಾರು ಐವತ್ತಾರು, ಮುಂದಿದ್ಯಾ, ಮುಂದಿಲ್ವಾ, ಐವತ್ತಾರಕ್ಕೇ ಹೋಯ್ತು!" ಅಂತ ಡೆಸ್ಕಿಗೆ ಬಡಿದಳಂತೆ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು, ಟೀಚರೂ ನಕ್ಕರು. ಮನೆಗೆ ಬಂದವಳ ಮುಖ ನೋಡಬೇಕಿತ್ತು ನೀನು.

ಮಾತಿನ ಮೇಡಂಗೆ ಇನ್ನೂ ಹೇಳಿಲ್ಲ. ಅವರ ಹೊಟ್ಟೆಯ ಮೇಲೆ ಹೊಡೆದ ಹಾಗಾಗುತ್ತೆ.

ನಿನ್ನ ತಮ್ಮ

ಆಗಸ್ಟ್ 8

ತಮ್ಮಾ,

ನಿನ್ನ ಸಂತೋಷಕ್ಕೆ ತಣ್ಣೀರು ಎರಚಲು ಮನಸ್ಸಿಲ್ಲ. ಅವಳು ಕೂಗಿದ ಹಾಗೆ ಊಹಿಸಿಕೊಂಡು ನಾನೂ ನರ್ಸುಗಳ ಕೋಣೆಯಲ್ಲಿ ಒಬ್ಬಳೇ ನಕ್ಕೆ.

ಆದರೆ ಒಂದು ಕೇಳಲಾ? ತಾಳ ಹಿಡಿದು ಹೇಳಿದರೆ ಉಗ್ಗುವ ಯಾರೂ ಉಗ್ಗುವುದಿಲ್ಲ. ಹಾಡಿದರೂ ಅಷ್ಟೇ. ಅದು ಹೊಸ ಔಷಧಿಯಲ್ಲ, ನಮ್ಮ ಆಸ್ಪತ್ರೆಯ ಕಸ ಗುಡಿಸುವವರಿಗೂ ಗೊತ್ತು. ಹೊಟ್ಟೆ ನೋಯುತ್ತಿದೆ ಅಂತ ಹೇಳಬೇಕಾದರೆ ಅವಳು ಯಾವ ತಾಳದಲ್ಲಿ ಹೇಳುತ್ತಾಳೆ? ನೀನು ಯಾವ ತಾಳದಲ್ಲಿ ಹೇಳುತ್ತೀಯ?

ಮೇಡಂಗೆ ತಿಳಿಸು. ಇವತ್ತೇ.

ಅಕ್ಕ

ಸೆಪ್ಟೆಂಬರ್ 2

ಅಕ್ಕಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಸಿಟ್ಟು ಬಂದಿತ್ತು. ಈಗಲೂ ಇದೆ, ಆದರೆ ನಿನ್ನ ಮೇಲಲ್ಲ.

ಎರಡು ವಾರದ ಹಿಂದೆ ಊಟದ ಬಿಡುವಿನಲ್ಲಿ ಕ್ಲಾಸಿನ ಗೋಡೆಯ ದೊಡ್ಡ ನಕ್ಷೆ ಹರಿದು ಬಿತ್ತು. ಮೇಲಿನ ತರಗತಿಯ ಇಬ್ಬರು ಹುಡುಗಿಯರು ಅದರ ಕೋಲಿಗೆ ಜೋತಾಡಿ ಓಡಿಹೋದರು. ಕಾಳು ಅಲ್ಲೇ ಬೋರ್ಡು ಒರೆಸುತ್ತಿದ್ದಳು. ಟೀಚರ್ ಬಂದು ನೋಡಿದರೆ ಕೆಳಗೆ ನಕ್ಷೆ, ಪಕ್ಕದಲ್ಲಿ ಇವಳು. "ಏನಾಯ್ತು ಹೇಳು" ಅಂದರು. ಹೇಳಲು ಹೋದಳು, ಮೊದಲ ಅಕ್ಷರದಲ್ಲೇ ನಿಂತಳು. ಮಕ್ಕಳೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಗಾಬರಿಯಲ್ಲಿ ನಾನು ಕಲಿಸಿದ್ದು ಬಾಯಿಗೆ ಬಂತು. "ನಕ್ಷೆ ನಕ್ಷೆ ನಕ್ಷೆ, ಹರೀತು ಹರೀತು ಹರೀತು..." ಮಕ್ಕಳು ನಗಲು ಶುರು ಮಾಡಿದರು. ಟೀಚರ್‌ಗೆ ತನ್ನನ್ನೇ ಅಣಕಿಸುತ್ತಿದ್ದಾಳೆ ಅನ್ನಿಸಿತು. ಹರಿದದ್ದೂ ಇವಳೇ, ತಮಾಷೆ ಮಾಡುತ್ತಿರುವುದೂ ಇವಳೇ ಅಂತ ಮಧ್ಯಾಹ್ನವೆಲ್ಲ ಬಾಗಿಲ ಹೊರಗೆ ನಿಲ್ಲಿಸಿದರು.

ಇಷ್ಟು ವಿಷಯ ಗೊತ್ತಾದದ್ದು ಪಕ್ಕದ ಮನೆಯ ಹುಡುಗಿಯಿಂದ. ಕಾಳು ಹೇಳಲಿಲ್ಲ. ಆವತ್ತಿನಿಂದ ಶಾಲೆಯಲ್ಲಿ ಅವಳು ಒಂದು ಅಕ್ಷರ ಆಡಿಲ್ಲ. ತಾಳದಲ್ಲೂ ಇಲ್ಲ. ಮನೆಯಲ್ಲೂ ಬೇಕಾದದ್ದನ್ನು ಬೆರಳಲ್ಲಿ ತೋರಿಸುತ್ತಾಳೆ. ಅಕ್ಟೋಬರ್ ಹತ್ತಕ್ಕೆ ಮೀಟಿಂಗ್ ಅಂತ ಶಾಲೆಯಿಂದ ಚೀಟಿ ಬಂದಿದೆ. ವಿಶೇಷ ಶಾಲೆಯ ಅರ್ಜಿಯನ್ನೂ ಜೊತೆಗೇ ಲಗತ್ತಿಸಿದ್ದಾರೆ, ತೀರ್ಮಾನ ಆಗಿಯೇ ಹೋದ ಹಾಗೆ.

ನಾನು ಶಾಲೆಗೆ ಹೋಗಿ ಅವರಿಗೆ ಚೆನ್ನಾಗಿ ಬಿಸಿ ಮುಟ್ಟಿಸಿ ಬಂದೆ.

ಮಾತಿನ ಮೇಡಂಗೆ ಕೊನೆಗೂ ಹರಾಜಿನ ವಿಷಯ ಹೇಳಿದೆ, ಅಂದರೆ ಬರೆದುಕೊಟ್ಟೆ. ಬೈಯಲಿಲ್ಲ. "ಇದನ್ನ ನೀವು ಯಾರಿಂದ ಕಲಿತ್ರಿ?" ಅಂತ ಮಾತ್ರ ಕೇಳಿದರು. ಎದ್ದು ಬಂದೆ. ಹೋದ ವಾರ ಕಾಳುವನ್ನು ಕಳಿಸಲಿಲ್ಲ, ಈ ವಾರವೂ ಕಳಿಸುವುದಿಲ್ಲ. ಇದೆಲ್ಲ ಅವಳಿಗೆ ತಾನಾಗಿ ಹೋಗುತ್ತೆ. ನನಗೆ ಹೋಗಲಿಲ್ಲವಾ?

ನಿನ್ನ ತಮ್ಮ

ಸೆಪ್ಟೆಂಬರ್ 8

ತಮ್ಮಾ,

ನಿನಗೆ ಹೋಗಲಿಲ್ಲ.

ನೀನು ಶಾಲೆಯಲ್ಲಿ ಯಾರಿಗೂ ಬಿಸಿ ಮುಟ್ಟಿಸಲಿಲ್ಲ. ಗೆದ್ದು ಬಂದಿದ್ದರೆ ನಾಲ್ಕು ಪುಟ ಬರೆಯುತ್ತಿದ್ದೆ, ಯಾರು ಎಲ್ಲಿ ಕೂತಿದ್ದರು, ಯಾರ ಮುಖ ಹೇಗೆ ಬಾಡಿತು ಎಲ್ಲ ಬರೆಯುತ್ತಿದ್ದೆ. ಸೋತದ್ದನ್ನು ಮಾತ್ರ ನೀನು ಒಂದು ಸಾಲಿನಲ್ಲಿ ಮುಗಿಸುತ್ತೀಯ. ಗೇಟಿನ ತನಕ ಹೋಗಿರುತ್ತೀಯ. ಅಲ್ಲಿಂದ ವಾಪಸ್ಸು.

ಈಗ ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಜೂನ್‌ನಲ್ಲಿ ಮೇಡಂಗೆ ಬರೆದ ಪರಿಚಯದ ಕಾಗದದಲ್ಲೇ ನಿನ್ನ ಉಗ್ಗಿನ ವಿಷಯ ಬರೆದಿದ್ದೆ. ನೀನು ಹೇಳಬೇಡ ಅನ್ನುವ ಮೊದಲೇ. ಅಂದರೆ ಗಿಡ್ಡ ಕುರ್ಚಿಯಲ್ಲಿ ಕೂತು ನೀನು 'ಯಾರಿಗೂ ಇಲ್ಲ' ಅಂತ ಬರೆದಾಗ ಅವರಿಗೆ ಗೊತ್ತಿತ್ತು. ಮೂರು ತಿಂಗಳಿಂದ ಗೊತ್ತಿದೆ. ನೀನಾಗಿ ಹೇಳಲಿ ಅಂತ ಕಾಯುತ್ತಿದ್ದಾರೆ. ಹೆಂಡತಿಗೂ ಗೊತ್ತಿಲ್ಲ ಅಂತ ನೀನು ನಂಬಿದ್ದೀಯ! ಹನ್ನೊಂದು ವರ್ಷ ಒಂದೇ ಸೂರಿನಡಿ ಸಂಸಾರ ಮಾಡಿದವಳಿಗೆ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು ನಿನ್ನ ಕಥೆ.

ಜುಲೈನಲ್ಲಿ ಇದನ್ನು ನೇರವಾಗಿ ಹೇಳದೆ ಜಾಣತನದ ಉತ್ತರ ಬರೆದೆ. ಅದು ನನ್ನ ತಪ್ಪು, ಹೊಟ್ಟೆಗೆ ಹಾಕಿಕೋ.

ಇನ್ನೊಂದು ಹಳೆಯ ತಪ್ಪೂ ಇದೆ. ನಿನಗೆ ಎಂಟು, ನನಗೆ ಹನ್ನೆರಡು. ಅಂಗಡಿಯವನು, ಮೇಷ್ಟ್ರು, ನೆಂಟರು ಯಾರು ನಿನ್ನನ್ನು ಏನು ಕೇಳಿದರೂ ಉತ್ತರ ಹೇಳುತ್ತಿದ್ದವಳು ನಾನು. ನಿನಗೆ ಬಾಯಿ ತೆರೆಯಲು ಕೂಡ ಬಿಡುತ್ತಿರಲಿಲ್ಲ. ಎಂಥಾ ಅಕ್ಕ, ತಮ್ಮನ ಮೇಲೆ ಎಷ್ಟು ಪ್ರೀತಿ ಅಂತ ಎಲ್ಲರೂ ಹೊಗಳಿದರು. ನನಗೂ ಹೊಗಳಿಕೆ ರುಚಿಯಾಗಿತ್ತು. ನಿನ್ನ ಮಾತನ್ನೆಲ್ಲ ನಾನೇ ಆಡಿ ಮುಗಿಸಿದೆ ಕಣೋ. ಆಸ್ಪತ್ರೆ ಸೇರಿ, ಮೇಡಂ ಕೆಲಸ ಮಾಡುವುದನ್ನು ನೋಡುವವರೆಗೆ ನನಗೆ ಅದು ಗೊತ್ತಾಗಲಿಲ್ಲ. ಗೊತ್ತಾದ ದಿನ ಔಷಧಿ ಕೋಣೆಯಲ್ಲಿ ಕೂತು ಅತ್ತೆ.

ಈಗ ನಾನು ರಜೆ ಹಾಕಿ ಬಂದು ಆ ಮೀಟಿಂಗಿನಲ್ಲಿ ನಿನ್ನ ಪರವಾಗಿ ಮಾತಾಡಬಲ್ಲೆ. ಚೆನ್ನಾಗಿಯೇ ಮಾತಾಡುತ್ತೇನೆ. ಅದಕ್ಕೇ ಬರುವುದಿಲ್ಲ.

ನಾಳೆಯೇ ಕಾಳುವನ್ನು ಮೇಡಂ ಹತ್ತಿರ ಕರೆದುಕೊಂಡು ಹೋಗು. ನೀನೂ ಕೂತುಕೋ.

ಅಕ್ಕ

ಸೆಪ್ಟೆಂಬರ್ 21

ಅಕ್ಕಾ,

ಗೇಟಿನ ತನಕವೂ ಹೋಗಿರಲಿಲ್ಲ. ಶಾಲೆಯ ಎದುರಿನ ಸೈಕಲ್ ಅಂಗಡಿಯ ಹತ್ತಿರ ನಿಂತು, ಸುಮ್ಮನೆ ಇರಬಾರದು ಅಂತ ಒಂದು ಸೈಕಲ್ ಬೆಲ್ಲು ಕೊಂಡು ಬಂದೆ. ನಮ್ಮ ಮನೆಯಲ್ಲಿ ಸೈಕಲ್ಲೇ ಇಲ್ಲ.

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು, ಆಮೇಲೆ ಹಗುರವಾಯಿತು. ಮನೆಗೆ ಹೋಗಿ ನನ್ನವಳ ಮುಂದೆ ಕೂತು ಹೇಳಲು ಶುರು ಮಾಡಿದೆ. ನಿನಗೆ ಗೊತ್ತಲ್ಲ, ನನಗೆ 'ನ' ಬಂದರೆ ಕಲ್ಲು ಬಂದ ಹಾಗೆ. ಈ ಲೋಕದಲ್ಲಿ ತನ್ನ ವಿಷಯ ಹೇಳಿಕೊಳ್ಳುವ ಮಾತೆಲ್ಲ ಅದರಿಂದಲೇ ಶುರು. ಅವಳು ಪರದೆಯ ಅಂಚು ಮಡಚುತ್ತ ಕೂತು ಪೂರ್ತಿ ಕೇಳಿದಳು. ಕೊನೆಗೆ ಅಂದಳು: "ನಮ್ಮನೆಗೆ ಹೆಣ್ಣು ನೋಡೋಕೆ ಬಂದ ದಿನವೇ ಗೊತ್ತಾಯ್ತು. ನೀರು ಅನ್ನೋಕಾಗದೆ 'ಕುಡಿಯೋಕೆ ಏನಾದ್ರೂ' ಅಂದ್ರಿ. ಕಾಫಿ ತಂದೆ. ಮತ್ತೆ ಹಾಗೇ ಅಂದ್ರಿ. ಮೂರು ಲೋಟ ಕಾಫಿ ಕುಡಿದ್ರಿ. ಪಾಪ, ಒಳ್ಳೆ ಮನುಷ್ಯ ಅನ್ನಿಸ್ತು, ಒಪ್ಕೊಂಡೆ." ಹನ್ನೊಂದು ವರ್ಷ ಬಾಯಿ ಬಿಡಲಿಲ್ಲ ನೋಡು. ನಾನು ಹೇಳದ್ದನ್ನು ತಾನು ಎತ್ತಿದರೆ ನನಗೆ ನೋವಾಗುತ್ತೆ ಅಂತ.

ಮೇಡಂ ಹತ್ತಿರ ಹೋಗಿ ಹಳೆಯ ಫಾರಂ ಕೇಳಿ, 'ಯಾರಿಗೂ ಇಲ್ಲ' ಅನ್ನುವುದನ್ನು ಹೊಡೆದು 'ತಂದೆಗೆ' ಅಂತ ಬರೆದೆ. ಅವರು "ಸರಿ" ಅಂದರು, ಅಷ್ಟೇ. ಕಾಳು ಮತ್ತೆ ವಾರಕ್ಕೆರಡು ಸಲ ಹೋಗುತ್ತಿದ್ದಾಳೆ. ಅಲ್ಲಿ ಮಾತಾಡುತ್ತಾಳೆ, ಶಾಲೆಯಲ್ಲಿ ಇಲ್ಲ.

ಅವಳಿಗೆ ಮಾತ್ರ ಇನ್ನೂ ನನ್ನ ವಿಷಯ ಹೇಳಿಲ್ಲ. ನಾಳೆ, ನಾಳೆ ಅಂತ ದಿನ ದೂಡುತ್ತಿದ್ದೇನೆ. ಮೀಟಿಂಗಿಗೆ ಮೇಡಂ ಒಂದು ವರದಿ ಬರೆದುಕೊಟ್ಟಿದ್ದಾರೆ, ಅದು ಗಟ್ಟಿಯಾಗಿದೆ. ನಾನು ಬಾಯಿ ತೆರೆಯಬೇಕಾಗಿಯೇ ಬರುವುದಿಲ್ಲ ಅಂತ ಧೈರ್ಯವಾಗಿದ್ದೇನೆ.

ನಿನ್ನ ತಮ್ಮ

ಅಕ್ಟೋಬರ್ 13

ಅಕ್ಕಾ,

ನಾಲ್ಕು ಪುಟ ಬರೆಯುತ್ತಿದ್ದೇನೆ. ಅದರಲ್ಲೇ ಅರ್ಥ ಮಾಡಿಕೋ, ಆದರೂ ಪೂರ್ತಿ ಓದು.

ಹೆಡ್‌ಮೇಡಂ ಕೋಣೆ. ಮೇಜಿನ ಆಚೆ ಹೆಡ್‌ಮೇಡಂ, ಪಕ್ಕದಲ್ಲಿ ಶಿಕ್ಷಣ ಇಲಾಖೆಯಿಂದ ಬಂದ ಒಬ್ಬ ಅಧಿಕಾರಿ, ಆಮೇಲೆ ಕಾಳುವಿನ ಟೀಚರ್. ಈಚೆ ನಾವಿಬ್ಬರು, ಮಾತಿನ ಮೇಡಂ. ಹಿಂದೆ ಬೀರುವಿನ ಹತ್ತಿರದ ಸ್ಟೂಲಿನ ಮೇಲೆ ಕಾಳು, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮೇಡಂ ವರದಿಯನ್ನು ಅಧಿಕಾರಿ ಓದಿದರು. ಒಳ್ಳೆಯ ಮನುಷ್ಯ, ಎರಡು ಸಲ ಓದಿದರು. ಓದಿ, "ವರದಿಯೇನೋ ಚೆನ್ನಾಗಿದೆ. ಆದ್ರೆ ಮಗು ಏಳು ವಾರದಿಂದ ಇಲ್ಲಿ ಬಾಯೇ ಬಿಟ್ಟಿಲ್ವಲ್ಲ" ಅಂದರು. ಟೀಚರ್ ನಕ್ಷೆಯ ವಿಷಯ ತೆಗೆದರು. ಹೆಡ್‌ಮೇಡಂ ವಿಶೇಷ ಶಾಲೆಯ ಅರ್ಜಿಯನ್ನು ನಮ್ಮ ಕಡೆ ಸರಿಸಿ ಪೆನ್ನು ಅದರ ಮೇಲಿಟ್ಟರು. "ತಂದೆಯವರು ಏನಾದ್ರೂ ಹೇಳೋದಿದ್ಯಾ?"

ನನ್ನವಳು ಹೇಳಲು ಬಾಯಿ ತೆರೆದಳು. ನಾನು ಅವಳ ಕೈ ಮೇಲೆ ಕೈ ಇಟ್ಟೆ, ಎದ್ದು ನಿಂತೆ.

ತಾಳ ಹಿಡಿದು ಹೇಳಬಹುದಿತ್ತು. ತಲೆಯೊಳಗೆ ಅದು ಆಗಲೇ ಶುರುವಾಗಿತ್ತು. ಬಿಟ್ಟೆ. 'ನನಗೂ' ಅನ್ನಬೇಕಿತ್ತು. "ನ" ಅಂದೆ. ಅಲ್ಲೇ ನಿಂತೆ. ಕುತ್ತಿಗೆಯ ನರ ಉಬ್ಬಿತು, ಕಣ್ಣು ಮುಚ್ಚಿಕೊಂಡಿತು, ಅಕ್ಕಾ, ಹದಿನೇಳನೇ ವಯಸ್ಸಿನಲ್ಲಿ ಆಗುತ್ತಿದ್ದದ್ದೆಲ್ಲ ಆಯಿತು. ಯಾರೋ ಕುರ್ಚಿ ಸರಿಸಿದರು. ಎಷ್ಟು ಹೊತ್ತೋ ಗೊತ್ತಿಲ್ಲ. ಅಧಿಕಾರಿಗೆ ಪಾಪ ಅನ್ನಿಸಿರಬೇಕು. "ನಿಮ್ಮ ಮಗಳು ಇಲ್ಲೇ ಓದ್ಲಿ ಅಂತ ತಾನೆ? ಅರ್ಥ ಆಯ್ತು, ಕೂತ್ಕೊಳ್ಳಿ ಕೂತ್ಕೊಳ್ಳಿ" ಅಂದರು.

ಆಗ ಹಿಂದಿನಿಂದ ಕೇಳಿಸಿತು.

"ಅಪ್ಪ ಇನ್ನೂ ಮು... ಮು... ಮುಗಿಸಿಲ್ಲ."

ಏಳು ವಾರದಲ್ಲಿ ಆ ಕಟ್ಟಡದೊಳಗೆ ಅವಳು ಆಡಿದ ಮೊದಲ ಮಾತು. ಟೀಚರ್ ತಿರುಗಿ ನೋಡಿದರು. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿ ಕೈ ಕಟ್ಟಿ ಕೂತರು. ಕೋಣೆಯಲ್ಲಿ ಎಲ್ಲರೂ ಕಾದರು.

ಮುಗಿಸಿದೆ. ಅರ್ಧ ಪುಟದಷ್ಟು ಮಾತಿಗೆ ಎಷ್ಟು ಹೊತ್ತು ಹಿಡಿಯಿತೋ. ನನಗೂ ಉಗ್ಗಿದೆ ಅಂದೆ. ಹರಾಜಿನ ತಾಳ ಕಲಿಸಿದ್ದು ನಾನು, ಅವಳು ಟೀಚರನ್ನು ಅಣಕಿಸಲಿಲ್ಲ ಅಂದೆ. ನಕ್ಷೆ ಯಾರು ಹರಿದರು ಅಂತ ಅವಳನ್ನೇ ಕೇಳಿ, ಆದರೆ ಕೇಳಿದ ಮೇಲೆ ಎದ್ದು ಹೋಗಬೇಡಿ ಅಂದೆ. ಕೂತಾಗ ಅಂಗಿ ಬೆನ್ನಿಗೆ ಅಂಟಿತ್ತು. ಇಡೀ ದಿನ ಹರಾಜು ಕೂಗಿದರೂ ಅಷ್ಟು ಬೆವರುವುದಿಲ್ಲ.

ಟೀಚರ್ ತಾವೇ ಎದ್ದು ಹೋಗಿ ಸ್ಟೂಲಿನ ಪಕ್ಕ ಮಂಡಿಯೂರಿ ಕೂತರು. ಕಾಳು ಹೇಳಿದಳು. ಕೋಲಿಗೆ ಜೋತಾಡಿದ್ದು, ಒಬ್ಬಳ ಚಪ್ಪಲಿ ಬಿದ್ದದ್ದು, ಅದನ್ನು ಹುಡುಕಲು ವಾಪಸ್ಸು ಬಂದು ಮತ್ತೆ ಓಡಿದ್ದು, ಎಲ್ಲ. ತುಂಬಾ ಉಗ್ಗಿದಳು. ಒಂದು ಮಾತನ್ನೂ ಬಿಡಲಿಲ್ಲ. ಟೀಚರ್ ಕೊನೆಗೆ, "ಅವತ್ತೇ ನಾನು ಹೀಗೆ ಕೂತ್ಕೋಬೇಕಿತ್ತು ಕಂದಾ" ಅಂದರು. ಅವರ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೇ ಇಳಿಯಿತು.

ಅರ್ಜಿಯನ್ನು ಹೆಡ್‌ಮೇಡಂ ಡ್ರಾಯರಿಗೆ ಹಾಕಿದರು. ಹರಿದು ಹಾಕಲಿಲ್ಲ, ಅದನ್ನೂ ನಿನಗೆ ಹೇಳಬೇಕು. ಈ ವರ್ಷ ಇಲ್ಲೇ ಓದಲಿ, ಮಾತಿನ ಮೇಡಂ ತಿಂಗಳಿಗೊಮ್ಮೆ ಶಾಲೆಗೆ ಬಂದು ಟೀಚರ್ ಜೊತೆ ಕೂರಲಿ, ಬಾಯಿ ಪರೀಕ್ಷೆಗೆ ಅವಳಿಗೆ ಎರಡರಷ್ಟು ಸಮಯ, ಆಮೇಲೆ ನೋಡೋಣ ಅಂತಾಯಿತು. ಆಮೇಲೂ ಇಲ್ಲೇ ಇರುತ್ತಾಳೆ. ನನಗೆ ಅನುಮಾನವಿಲ್ಲ.

ಇಷ್ಟಕ್ಕೆ ಕಾಗದ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ದಾರಿಯಲ್ಲಿ ಬರುವಾಗ ಕಾಳು ನನ್ನ ಕೈ ಹಿಡಿಯಲಿಲ್ಲ. ಅಪ್ಪನ ಮರ್ಯಾದೆ ಹೋಯಿತು ಅಂತ ಅವಳಿಗೆ ಅವಮಾನವಾಗಿದೆ ಅಂದುಕೊಂಡೆ. ಬಸ್ ನಿಲ್ದಾಣದ ಹತ್ತಿರ ನಿಂತುಬಿಟ್ಟಳು.

"ನಿಂಗೆ ಯಾವಾಗಿಂದ?"

"ನಿನಗಿಂತ ಚಿಕ್ಕವನಾಗಿದ್ದಾಗಿಂದ."

"ಅಮ್ಮಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅತ್ತೆಗೆ? ಮಾತಿನ ಮೇಡಂಗೆ?"

"ಗೊತ್ತಿತ್ತು."

ಅವಮಾನವಲ್ಲ ಅಕ್ಕಾ, ಸಿಟ್ಟು. "ಎಲ್ರಿಗೂ ಗೊ... ಗೊತ್ತಿತ್ತು. ನಂಗೊಬ್ಳಿಗೇ ಹೇಳ್ಲಿಲ್ಲ. ಪ್ರಪಂಚದಲ್ಲಿ ಹೀಗಿರೋದು ನಾ... ನಾ... ನಾನೊಬ್ಳೇ ಅಂದ್ಕೊಂಡಿದ್ದೆ." ಇದನ್ನು ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಬಸ್ಸು ಬಂದು ಹೋಯಿತು. ನಾವು ಮೂವರೂ ನಿಂತೇ ಇದ್ದೆವು. ಅವಳ ಹೆಮ್ಮೆ ಉಳಿಸುತ್ತಿದ್ದೇನೆ ಅಂತ ನಿನಗೆ ಬರೆದಿದ್ದೆನಲ್ಲ, ಅವಳನ್ನು ಅಷ್ಟು ದೊಡ್ಡ ಲೋಕದಲ್ಲಿ ಒಂಟಿ ಮಾಡಿದ್ದು ನಾನು.

ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಬಾಯಿ ಕಟ್ಟಿ ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಈ ವ್ಯತ್ಯಾಸ ಮನೆಯವರಿಗೆಲ್ಲ ಚೆನ್ನಾಗಿ ಗೊತ್ತಾಗುತ್ತೆ. ಇವತ್ತು ಬೆಳಿಗ್ಗೆ ನಾನು ಮಾರುಕಟ್ಟೆಯಿಂದ ಬಂದು ಚಪ್ಪಲಿ ಬಿಡುವುದನ್ನೇ ಕಾದಿದ್ದು, ಸೊಂಟದ ಮೇಲೆ ಕೈ ಇಟ್ಟುಕೊಂಡು ಬೈಯಲು ಶುರು ಮಾಡಿದಳು. ಸುಳ್ಳುಗಾರ ಅಂದಳು. ದೊಡ್ಡವರೆಲ್ಲ ಹೀಗೇ ಅಂದಳು. ಇನ್ನೂ ಏನೇನೋ ಅಂದಳು. ಅಲ್ಲಲ್ಲಿ ಸಿಕ್ಕಿಕೊಂಡಳು, ಬಿಡಿಸಿಕೊಂಡಳು, ಮತ್ತೆ ಬೈದಳು. ನಾನು ಒಂದು ಕಾಲಲ್ಲಿ ಚಪ್ಪಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತು ಕೊನೆಯವರೆಗೂ ಕೇಳಿದೆ. ನನ್ನನ್ನು ಇಷ್ಟು ಚೆನ್ನಾಗಿ ಇದುವರೆಗೆ ಯಾರೂ ಬೈದಿರಲಿಲ್ಲ.

ನಿನ್ನ ತಮ್ಮ